ಟ್ಯಾಸ್ಮನ್ ಕ್ಯಾಂಪಿಗೆ ನಾಳೆ ನೀರು

ಜೀವನವಿಡೀ ಮೈಕಿನ ಮುಂದೆ ಮಾತಾಡಿದವಳಿಗೆ ನಿವೃತ್ತಿಯಲ್ಲಿ ಸಿಗಬೇಕಾದ ಸೌಲಭ್ಯ ಒಂದೇ: ಸುಮ್ಮನಿರುವುದು. ನನಗೆ ಅದೂ ಮಂಜೂರಾಗಲಿಲ್ಲ. ನಾನು ಬಿಟ್ಟುಬಂದ ಬಾನುಲಿ ಕೇಂದ್ರಕ್ಕೆ ಈಚೆಗೆ ಸೇರಿದ ಇಬ್ಬರು ಹುಡುಗಿಯರು ಮುದಗಲ್ಲಿನ ನಮ್ಮ ಮನೆಗೆ ಬಂದು, ಚಹಾ ಕುಡಿದು, "ಮೇಡಂ, ಈ ಕೆಲಸದಾಗ ಮ್ಯಾಲ ಬರೋ ಗುಟ್ಟು ಏನ್ರಿ?" ಎಂದು ಕೇಳಿದರು. ಗುಟ್ಟು ಗೊತ್ತಿದ್ದರೆ ನಾನು ಕೇಂದ್ರದ ಮುಖ್ಯಸ್ಥೆಯಾಗಿ ಹೂಮಾಲೆ ಹಾಕಿಸಿಕೊಂಡು ಹೊರಬರುತ್ತಿದ್ದೆ. ಸೇರಿದಾಗ ಉದ್ಘೋಷಕಿ, ಬಿಟ್ಟಾಗಲೂ ಉದ್ಘೋಷಕಿ. ನಡುವೆ ಬದಲಾದದ್ದು ನನ್ನ ಕುರ್ಚಿಯ ಪ್ಲಾಸ್ಟಿಕ್ ಹೆಣಿಗೆ ಮಾತ್ರ.

ಮ್ಯಾಲ ಬರುವ ವಿದ್ಯೆ ನನ್ನ ಹತ್ತಿರ ಇಲ್ಲ. ಕೆಲಸ ಹೇಗಿತ್ತು ಅಂತ ಬೇಕಾದರೆ ಬರೆದಿಡಬಲ್ಲೆ.

ನಮ್ಮ ಕೇಂದ್ರ ಇದ್ದದ್ದು ಸಿಂಧನೂರಿನ ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಹಿಂದೆ, ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೂ ಮುಜುಗರ, ನನಗೂ. ರೈತರಿಗಾಗಿ ನಡೆಯುತ್ತಿದ್ದ ಸಣ್ಣ ಬಾನುಲಿ ಅದು. ನಮ್ಮ ದನಿ ಮಸ್ಕಿ ಮುಟ್ಟುವಷ್ಟರಲ್ಲಿ ದಣಿದುಬಿಡುತ್ತಿತ್ತು, ಲಿಂಗಸುಗೂರಿಗೆ ಕೇಳುತ್ತಿದ್ದದ್ದು ಬರೀ ಗುರುಗುರು. ಮೊಬೈಲಿನಲ್ಲಿ ರೇಡಿಯೊ ಬಂದ ಮೇಲೆ ಲಿಂಗಸುಗೂರಿನವರೂ ಕೇಳತೊಡಗಿದರು, ಕೇಳಿದ ಕೂಡಲೇ ತಕರಾರು ತೆಗೆದರು. ಅಷ್ಟರ ಮಟ್ಟಿಗೆ ತಂತ್ರಜ್ಞಾನ ಬೆಳೆದಿದೆ ಎಂದು ನಾನು ಒಪ್ಪುತ್ತೇನೆ.

ಮೊದಲಿನ ದಿನಗಳಲ್ಲಿ ಎಲ್ಲ ಕ್ಯಾಸೆಟ್ಟಿನ ಮೇಲೆ. ರೈತರು ಕಾರ್ಡಿನಲ್ಲಿ ಪ್ರಶ್ನೆ ಬರೆಯುವುದು, ತಜ್ಞರು ಬಂದು ಉತ್ತರ ಹೇಳುವುದು, ನಾವು ಎರಡನ್ನೂ ಜೋಡಿಸುವುದು. ಜೋಡಿಸುವ ಕೆಲಸವನ್ನು ನನಗೆ ಬಿಡಲು ಆಗಿನ ಮುಖ್ಯಸ್ಥರಿಗೆ ಧೈರ್ಯವಿರಲಿಲ್ಲ, ತಾವೇ ಕ್ಯಾಸೆಟ್ಟುಗಳಿಗೆ ಚೀಟಿ ಅಂಟಿಸುತ್ತಿದ್ದರು, ಅದೂ ಅದಲುಬದಲು. ಹೀಗಾಗಿ ಮಸ್ಕಿಯ ರೈತನೊಬ್ಬ ಮೆಣಸಿನ ಗಿಡದ ಎಲೆ ಮುದುಡಿಕೊಂಡಿದೆ, ಏನು ಮಾಡಲಿ ಎಂದು ಕೇಳಿದ್ದಕ್ಕೆ ನಮ್ಮ ಕೇಂದ್ರ ಗಂಭೀರವಾದ ಗಂಡು ದನಿಯಲ್ಲಿ, "ಮೊದಲು ಬಾಲ ಎತ್ತಿ ಜ್ವರ ನೋಡಿ, ಆಮೇಲೆ ಬೆಲ್ಲದ ನೀರು ಕುಡಿಸಿ, ನೆರಳಲ್ಲಿ ಕಟ್ಟಿ" ಎಂದು ಸಲಹೆ ಕೊಟ್ಟಿತು. ವಾರದೊಳಗೆ ಆತನಿಂದ ಮರುಕಾರ್ಡು ಬಂತು: "ಗಿಡದ ಸುತ್ತ ನೋಡಿದ್ವಿ. ಬಾಲ ಸಿಗವಲ್ದು." ಆ ಕಾರ್ಡನ್ನು ಮುಖ್ಯಸ್ಥರು ಹರಿದುಹಾಕಿ, ಶ್ರೋತೃಗಳಲ್ಲಿ ಗಾಂಭೀರ್ಯ ಕಡಿಮೆಯಾಗುತ್ತಿದೆ ಎಂದು ಸಭೆಯಲ್ಲಿ ವಿಷಾದಪಟ್ಟರು.

ಅಂಥ ಮುಖ್ಯಸ್ಥರು ಬಂದರು, ಹೋದರು. ಪ್ರತಿಯೊಬ್ಬರೂ ಹಿಂದಿನವರ ಗಡಿಯಾರವನ್ನು ಬೇರೆ ಗೋಡೆಗೆ ನೇತುಹಾಕಿ ಸುಧಾರಣೆ ಮಾಡಿದರು. ಎಲ್ಲರನ್ನೂ ಬಿಟ್ಟು ಕೊನೆಯವರ ವಿಷಯಕ್ಕೆ ಬರುತ್ತೇನೆ. ದಿವಾಕರ ಸಾಹೇಬರು. ಕರಾವಳಿಯ ಕಡೆಯವರು. ಒಳ್ಳೆಯ ಬಟ್ಟೆ, ಒಳ್ಳೆಯ ಭಾಷೆ. ಭತ್ತದ ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ಕಂಡು ಬಹಳ ಮೆಚ್ಚಿಕೊಂಡಿದ್ದವರು. ಬಂದ ಮೊದಲ ತಿಂಗಳಲ್ಲೇ ಕರೆದು ಹೇಳಿದರು:

"ರಜಿಯಾ ಅವರೇ, ಯುವಜನರು ನಮ್ಮನ್ನು ಕೇಳುತ್ತಿಲ್ಲ. ನಮಗೆ ಒಂದು ಧಾರಾವಾಹಿ ನಾಟಕ ಬೇಕು. ಬಾಹ್ಯಾಕಾಶದಲ್ಲಿ ಕೃಷಿ. ಹೇಗಿದೆ?"

"ಎಲ್ಲಿ ಸರ್?"

"ಆಕಾಶದಲ್ಲಿ. ಭೂಮಿಯ ಮಣ್ಣು ಸತ್ತುಹೋಗಿದೆ. ಜನ ಮೇಲೆ ಹೋಗಿ ದೊಡ್ಡ ದೊಡ್ಡ ಗಾಲಿಯಂಥ ನೌಕೆಗಳಲ್ಲಿ ಊರು ಕಟ್ಟಿಕೊಂಡು ಬೇಸಾಯ ಮಾಡುತ್ತಿದ್ದಾರೆ. ಊರುಗಳಿಗೆಲ್ಲ ಹಿಂದಿನ ಕಾಲದ ಸಮುದ್ರಯಾನಿಗಳ ಹೆಸರು. ಮೆಗೆಲನ್, ಕುಕ್, ಟ್ಯಾಸ್ಮನ್, ಬೂಗನ್‌ವಿಲ್. ಆಗ ಕಡಲು, ಈಗ ಆಕಾಶ. ಅರ್ಥ ಆಯಿತಲ್ಲ?"

"ನಮ್ಮ ಕಡೆಯವರ ಹೆಸರು ಇಡಬಹುದಲ್ಲ ಸರ್?"

"ನಿಮ್ಮ ಕಡೆ ಸಮುದ್ರ ಎಲ್ಲಿದೆ?"

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಓದುತ್ತಿದ್ದ ಪೇಪರು ಕೆಳಗಿಳಿಸದೆ, "ಆಸ್ಮಾನ್ ಮೇ ಖೇತಿ? ಯಾಂ ಕೀ ಜಮೀನ್ ಖತಮ್ ಹೋಗಯಿ ಕ್ಯಾ?" ಅಂದರು. ಇಲ್ಲಿಯ ಜಮೀನು ಮುಗಿದಿಲ್ಲ, ಇಲ್ಲಿಯ ಶ್ರೋತೃಗಳು ಮುಗಿದಿದ್ದಾರೆ ಎಂದು ವಿವರಿಸಿದೆ.

ನಾಟಕ ಬರೆಯಲು ಕೂತೆ. ಊರಿಗೆ ಯಾರ ಹೆಸರಿಡುತ್ತೇವೋ ಅವರ ಕತೆಯನ್ನೂ ಸ್ವಲ್ಪ ಸ್ವಲ್ಪ ಹೇಳಬೇಕು ಎಂದು ಸಾಹೇಬರ ಅಪ್ಪಣೆಯಾಗಿತ್ತು. ಹಾಗಾಗಿ ಈ ವಯಸ್ಸಿನಲ್ಲಿ ನಾನು ಕಡಲಿಗಿಳಿದೆ. ಗ್ರಂಥಾಲಯದಿಂದ ಪುಸ್ತಕ ತಂದೆ, ಮೊಬೈಲಿನಲ್ಲಿ ಹುಡುಕಿದೆ. ಓದುತ್ತ ಹೋದಂತೆ ಆ ನಾವಿಕರೆಲ್ಲ ನಮ್ಮ ಕಚೇರಿಯವರೇ ಅನ್ನಿಸತೊಡಗಿದರು.

ಮೆಗೆಲನ್ ಭೂಮಿಯನ್ನು ಸುತ್ತಿದ ಅಂತ ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವಲ್ಲ, ಆತ ಸುತ್ತಿ ಮುಗಿಸಲೇ ಇಲ್ಲ. ಅರ್ಧ ದಾರಿಯಲ್ಲಿ ಯಾವುದೋ ದ್ವೀಪದವರ ಜಗಳದಲ್ಲಿ ತಲೆಹಾಕಿ ಸತ್ತ. ಹಡಗನ್ನು ಮನೆ ಮುಟ್ಟಿಸಿದವನು ಬೇರೆ, ಅವನ ಹೆಸರು ನನಗೆ ಪ್ರತಿ ಸಲ ಹುಡುಕಿ ನೋಡಬೇಕಾಗುತ್ತದೆ. ಕುಕ್ ಸಾಹೇಬ ತನ್ನ ನಾವಿಕರಿಗೆ ಹುಳಿ ಬರಿಸಿದ ಎಲೆಕೋಸು ತಿನ್ನಿಸಿದ. ಇಡೀ ಪಟ್ಟಿಯಲ್ಲಿ ತರಕಾರಿಗೆ ಸಂಬಂಧಪಟ್ಟ ಮನುಷ್ಯ ಅವನೊಬ್ಬನೇ ಎಂದು ನಾನು ಅವನಿಗೆ ತೋಟಗಾರಿಕೆ ಕೊಟ್ಟೆ. ಟ್ಯಾಸ್ಮನ್ ಎಂಬಾತ ತನ್ನ ಮೊದಲ ಯಾನದಲ್ಲಿ ಆಸ್ಟ್ರೇಲಿಯಾದ ಸುತ್ತ ಹಡಗು ನಡೆಸಿದ, ಆ ದೊಡ್ಡ ನೆಲ ಮಾತ್ರ ಆತನ ಕಣ್ಣಿಗೆ ಬೀಳಲಿಲ್ಲ. ಪಕ್ಕದ ಒಂದು ದ್ವೀಪ ಸಿಕ್ಕಿತು. ಅಲ್ಲಿಯೂ ಅಲೆ ಜೋರಾಗಿದ್ದರಿಂದ ಈತ ಇಳಿಯಲಿಲ್ಲ. ಹಡಗಿನ ಬಡಗಿ ಈಜಿಕೊಂಡು ಹೋಗಿ ಬಾವುಟ ನೆಟ್ಟು ಬಂದ. ದ್ವೀಪಕ್ಕೆ ಈಗ ಟ್ಯಾಸ್ಮನ್‌ನ ಹೆಸರು, ಬಡಗಿಗೆ ಒದ್ದೆ ಬಟ್ಟೆ.

ಬೂಗನ್‌ವಿಲ್‌ನ ಹೆಸರು ಓದಿದಾಗ ಮಾತ್ರ ಕಿಟಕಿಯಿಂದ ಹೊರಗೆ ನೋಡಿದೆ. ತಾಲೂಕು ಕಚೇರಿಗಳ ಕಾಂಪೌಂಡಿನಲ್ಲೆಲ್ಲ ಇರುವ ಕಾಗದದ ಹೂವಿಗೆ ಇಂಗ್ಲಿಷಿನಲ್ಲಿ ಆತನದೇ ಹೆಸರು. ಆತ ಹಡಗಿನ ನಾಯಕ. ಗಿಡ ಆರಿಸಲು ಹಡಗಿನಲ್ಲಿ ಒಬ್ಬ ಸಸ್ಯವಿಜ್ಞಾನಿ ಇದ್ದ. ವಿಜ್ಞಾನಿಗೆ ಕಾಲುನೋವು. ಅವನ ಪೆಟ್ಟಿಗೆ ಹೊತ್ತು, ಗುಡ್ಡ ಹತ್ತಿ, ಗಿಡ ಕಿತ್ತು ತಂದವನು ಅವನ ಸಹಾಯಕ. ಸಹಾಯಕ ಗಂಡಸೇ ಅಲ್ಲ, ಗಂಡಸರ ಬಟ್ಟೆ ತೊಟ್ಟ ಹೆಂಗಸು. ಹೆಸರು ಜಾನ್ ಬಾರೆ. ಹೆಂಗಸರಿಗೆ ಹಡಗಿನಲ್ಲಿ ಜಾಗ ಇರಲಿಲ್ಲವಾದ್ದರಿಂದ ಹೀಗೆ. ಭೂಮಿಯನ್ನು ಹಡಗಿನಲ್ಲಿ ಪೂರ್ತಿ ಸುತ್ತಿದ ಮೊದಲ ಹೆಂಗಸು ಆಕೆ ಎನ್ನುತ್ತಾರೆ. ಕಾಗದದ ಹೂವಿನ ಗಿಡವನ್ನು ಮೊದಲು ಕಿತ್ತು ತಂದವಳೂ ಆಕೆಯೇ ಇರಬೇಕು ಎನ್ನುವವರಿದ್ದಾರೆ. ಹೂವಿಗೆ ಹೆಸರು ನಾಯಕನದು.

ಸಾಹೇಬರ ಪಟ್ಟಿಯಲ್ಲಿ ಆಕೆ ಇರಲಿಲ್ಲ. ಊರಿಗೆ ಹೆಸರಿಡಲು ಬಿಡುವುದಿಲ್ಲವೆಂದು ಗೊತ್ತಿತ್ತು, ಅದಕ್ಕೆ ಪಾತ್ರ ಮಾಡಿದೆ. ಬೂಗನ್‌ವಿಲ್ ಕ್ಯಾಂಪಿನಲ್ಲಿ ಸಸಿ ಹಚ್ಚುವ ಹೆಂಗಸು, ಬಾರೆಮ್ಮ.

ಕ್ಯಾಂಪ್ ಎಂಬ ಮಾತನ್ನು ಸೇರಿಸಿದವಳು ನಾನೇ. ಸಾಹೇಬರಿಗೆ ಬಹಳ ಹಿಡಿಸಿತು. "ಬೇಸ್ ಕ್ಯಾಂಪ್! ತುಂಬಾ ವೈಜ್ಞಾನಿಕವಾಗಿದೆ" ಅಂದರು. ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಎಂದರೆ ಏನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಜನ ಬಂದು ಜಮೀನು ಕೊಂಡು, ಹೊಲದ ನಡುವೆ ಮನೆ ಕಟ್ಟಿಕೊಂಡರು. ಅಂಥ ಪ್ರತಿಯೊಂದು ಊರೂ ಒಂದು ಕ್ಯಾಂಪು. ಯಾರೋ ಮೊದಲು ಗುಡಾರ ಹಾಕಿದರೆ ಅವರ ಹೆಸರೇ ಊರಿಗೆ. ವಳಕಮದಿನ್ನಿಯಿಂದ ಮುಂದೆ, ಉಪಕಾಲುವೆಯ ಕಟ್ಟಕಡೆಗೆ ಉಸ್ಮಾನ್ ಕ್ಯಾಂಪ್ ಅಂತ ಒಂದಿದೆ. ಮಣ್ಣು ಅಗೆಯುವ ಯಂತ್ರ ಓಡಿಸುತ್ತಿದ್ದ ಉಸ್ಮಾನ್ ಸಾಬರು ಅಲ್ಲಿ ಮೊದಲು ಗುಡಾರ ಹಾಕಿದ್ದರಂತೆ. ಕಾಲುವೆ ತೋಡಿ ಹೋದರು. ಈಗ ಅಲ್ಲಿ ಇರುವವರೆಲ್ಲ ತೆಲುಗು ಮಾತಾಡುವ ರೈತರು, ಉಸ್ಮಾನ್ ಸಾಬರ ಮನೆತನದವರು ಒಬ್ಬರೂ ಇಲ್ಲ.

ಬಾರೆಮ್ಮನ ಪಾತ್ರಕ್ಕೆ ದನಿ ಬೇಕಾಯಿತು. ಬಳಗಾನೂರಿನ ದುರುಗಮ್ಮ ನನಗೆ ಮೊದಲೇ ಗೊತ್ತು. ನಾಟಿ ಕೆಲಸದ ಹೆಂಗಸರ ಗುಂಪಿನ ಮುಖಂಡಳು. ಆಕೆ ಒಂದು ಮಾತು ಹೇಳಿದರೆ ಇಡೀ ಗುಂಪು ಗದ್ದೆಗಿಳಿಯುತ್ತದೆ, ಇನ್ನೊಂದು ಮಾತು ಹೇಳಿದರೆ ಬದುವಿನ ಮೇಲೆ ಕೂಡುತ್ತದೆ. ಹಾಡು ಧ್ವನಿಮುದ್ರಿಸಲು ಹೋದಾಗ, "ಹಾಡು ಆಮ್ಯಾಲ, ಮೊದಲು ನೀವೂ ಇಳದು ಒಂದು ಸಾಲು ಹಚ್ರಿ" ಎಂದು ನನ್ನನ್ನು ಕೆಸರಿಗಿಳಿಸಿದ್ದವಳು. ಸ್ಟುಡಿಯೊಕ್ಕೆ ಬಂದವಳು ಕತೆ ಕೇಳಿ ಮೊದಲು ಸಾಹೇಬರಿಗೇ ಪ್ರಶ್ನೆ ಹಾಕಿದಳು.

"ಅಲ್ರೀ, ಮ್ಯಾಲ ನೆಲಾನ ಇಲ್ಲಂದ್ರ ನೆಲ್ಲು ಹಚ್ಚಾಕ ಕಾಲು ಎಲ್ಲಿ ಊರಬೇಕು?"

"ಅಲ್ಲಿ ಕೃತಕ ಗುರುತ್ವ ಇರುತ್ತದಮ್ಮ."

"ಅದು ಇದ್ರ ಬಗ್ಗಿದಾಗ ಸೊಂಟ ನೋಯೂದಿಲ್ಲೇನ್ರಿ?"

ಸಾಹೇಬರು ಪುಟ ತಿರುವಿದರು.

ಜಾನ್ ಬಾರೆಯ ಕತೆಯನ್ನು ನಾನು ಆಕೆಗೆ ಊಟದ ಹೊತ್ತಿಗೆ ಹೇಳಿದೆ. ದುರುಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. ಧೈರ್ಯ, ಸಾಹಸ, ಸಮುದ್ರ ಯಾವುದೂ ಆಕೆಗೆ ದೊಡ್ಡದಾಗಿ ಕಾಣಲಿಲ್ಲ.

"ಹಡಗದ ತುಂಬ ಗಂಡಸರು ಅಂತೀರಿ. ಪಾಪ, ಒಂದಕ್ಕ ಎಲ್ಲಿ ಹೋಗ್ತಿದ್ಲು ಅಕ್ಕಾರ?"

ನಾನು ಓದಿದ ಪುಸ್ತಕಗಳಲ್ಲಿ ಇದೊಂದು ಪ್ರಶ್ನೆಗೆ ಯಾರೂ ಹೆಚ್ಚು ಜಾಗ ಕೊಟ್ಟಿರಲಿಲ್ಲ. ದಿನವಿಡೀ ಬಯಲಿನಲ್ಲಿ, ಮರವಿಲ್ಲದ ಗದ್ದೆಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಮೊದಲು ಹೊಳೆದದ್ದು ಅದು. "ನೀರು ಕಡಿಮಿ ಕುಡಿತಿದ್ಲು, ಮತ್ತೇನು" ಎಂದು ಆಕೆಯೇ ಉತ್ತರ ಹೇಳಿಕೊಂಡಳು. ಅಂದಿನಿಂದ ಬಾರೆಮ್ಮನ ಪಾತ್ರ ದುರುಗಮ್ಮನದಾಯಿತು. ನಾನು ಬರೆದದ್ದನ್ನು ಆಕೆ ಓದುತ್ತಿರಲಿಲ್ಲ, ನಾನು ಹೇಳಿಕೊಟ್ಟಂತೆ ಹೇಳುತ್ತಲೂ ಇರಲಿಲ್ಲ. ಕೇಳಿ, ತಲೆಯಾಡಿಸಿ, ತನಗೆ ತೋಚಿದ್ದನ್ನು ಹೇಳುತ್ತಿದ್ದಳು. ನಾಟಕ ಜನಕ್ಕೆ ಹಿಡಿಸಿತು. "ಬಾನಂಗಳದ ಬೇಸಾಯ" ಶುರುವಾದರೆ ಗಂಜಿನ ಚಹಾದಂಗಡಿಗಳಲ್ಲಿ ದನಿ ಜೋರು ಮಾಡುತ್ತಿದ್ದರು. ಸಾಹೇಬರು ಅದನ್ನು ಬಾಹ್ಯಾಕಾಶ ವಿಜ್ಞಾನದ ಗೆಲುವು ಎಂದು ಭಾವಿಸಿದರು.

ಶ್ರೋತೃಗಳು ಮೊಬೈಲಿನಲ್ಲಿ ಮಾತಾಡಿ ಕಳಿಸತೊಡಗಿದರು. ಮೆಣಸಿನ ಗಿಡದ ಬಾಲ ಹುಡುಕಿದ ಕಾಲ ಹೋಗಿ ಈಗ ಎಲ್ಲರೂ ಕೃತಕ ಗುರುತ್ವದ ಬಗ್ಗೆ ಅಭಿಪ್ರಾಯ ಹೇಳುವವರೇ. ಮಸ್ಕಿಯ ಹಿರಿಯರೊಬ್ಬರು, "ನಮ್ಮ ಊರಾಗ ಅಶೋಕ ರಾಜ ಬಂಡಿಗಲ್ಲ ಮ್ಯಾಲ ತನ್ನ ಹೆಸರು ಕೆತ್ತಿಸ್ಯಾನ. ಅದಕ್ಕ ಮಂದಿಗೆ ಆತ ಯಾರಂತ ಗೊತ್ತಾತು. ಒಂದು ಕ್ಯಾಂಪಿಗೆ ಆತನ ಹೆಸರು ಇಡಾಕ ನಿಮಗೇನು ಧಾಡಿ?" ಎಂದು ಕೇಳಿದರು. ಆತ ಹಡಗು ನಡೆಸಿರಲಿಲ್ಲ ಎಂದು ಸಾಹೇಬರು ಉತ್ತರ ಕೊಡಿಸಿದರು. ಲಿಂಗಸುಗೂರಿನ ಮಳೆ ನಂಬಿದ ರೈತನೊಬ್ಬನದು ಇನ್ನೂ ಖಡಕ್ ಮಾತು: "ಎಲ್ಲಾ ಕ್ಯಾಂಪಿಗೂ ಕಾಲುವೆ ಮಾಡೀರಿ. ತೊಗರಿ ಬೆಳಿಯೋರು ಯಾರೂ ಆಕಾಶಕ್ಕ ಹೋಗೇ ಇಲ್ಲೇನು? ಮ್ಯಾಲೂ ಸಿಂಧನೂರವರಿಗೇ ನೀರಾ?" ಮುಂದಿನ ವಾರವೇ ನಾನು ಕುಕ್ ಕ್ಯಾಂಪಿನ ಪಕ್ಕಕ್ಕೆ ಒಣ ಬೇಸಾಯದ ಗಾಲಿಯೊಂದನ್ನು ತೇಲಿಬಿಟ್ಟೆ. ಲಿಂಗಸುಗೂರು ಶಾಂತವಾಯಿತು.

ಈಗ ಮುಖ್ಯ ಸಂಗತಿ.

ನನಗೆ ಕೇಂದ್ರದಲ್ಲಿ ಇನ್ನೊಂದು ಕೆಲಸವಿತ್ತು. ಪ್ರತಿ ಸಂಜೆ ಕಾಲುವೆ ಕಚೇರಿಯಿಂದ ಬರುವ ಸೂಚನೆಯನ್ನು ಓದುವುದು. ಯಾವ ಉಪಕಾಲುವೆಗೆ ನಾಳೆ ನೀರು, ಯಾವುದಕ್ಕೆ ಬಂದ್. ಮೊದಲು ಟಣ್ ಎಂದು ಒಂದು ಗಂಟೆ, ಆಮೇಲೆ ನನ್ನ ದನಿ. ಕಾಲುವೆಯ ಕೊನೆಭಾಗದ ರೈತರು ಆ ಗಂಟೆಯನ್ನು ಹೇಗೆ ಕೇಳುತ್ತಿದ್ದರೆಂದರೆ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಬೈಯುತ್ತಿದ್ದರು.

ಒಂದು ಕಂತಿನಲ್ಲಿ ಟ್ಯಾಸ್ಮನ್ ಕ್ಯಾಂಪಿನ ಜನ ನೀರಿಗಾಗಿ ಕಾಯುತ್ತಿರುತ್ತಾರೆ. ನೀರು ಬರುವ ಸುದ್ದಿ ತಿಳಿಯಬೇಕು. ಸಾಹೇಬರಿಗೆ ಹೊಸ ವಿಚಾರ ಹೊಳೆಯಿತು. "ಕಂತು ಶುರುವಾಗುವುದೇ ಈ ಪ್ರಕಟಣೆಯಿಂದ. ನೀವೇ ಓದಿ. ಅದೇ ಗಂಟೆ, ಅದೇ ಧಾಟಿ. ವಾಸ್ತವಿಕತೆ ಬರುತ್ತದೆ."

"ಸರ್, ಜನ ಖರೇ ಅಂತ ತಿಳ್ಕೊಂತಾರ. ಈಗ ಖರೇನ ನೀರಿಗೆ ಕಾಯಾಕತ್ತಾರ."

"ಆಕಾಶದಲ್ಲಿ ನೀರು ಬಿಡುವುದನ್ನು ಯಾರಾದರೂ ನಿಜ ಅಂದುಕೊಳ್ಳುತ್ತಾರೆಯೇ? ನಮ್ಮ ರೈತರನ್ನು ಅಷ್ಟು ಕಡಿಮೆ ಅಂದಾಜು ಮಾಡಬೇಡಿ."

ರೈತರ ಬುದ್ಧಿಯ ಮೇಲೆ ಅಷ್ಟು ಗೌರವ ಇಟ್ಟುಕೊಂಡವರ ಜೊತೆ ವಾದ ಮಾಡುವುದು ಹೇಗೆ? ಓದಿದೆ. ಶುರುವಿನಲ್ಲಿ "ಇದು ಕಾಲ್ಪನಿಕ ನಾಟಕ" ಎಂಬ ಮಾತಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪ್ರಸಾರದ ದಿನ ಟ್ರ್ಯಾಕ್ಟರಿನ ಜಾಹೀರಾತೊಂದು ಬಂತು. ಅದಕ್ಕೆ ಜಾಗ ಮಾಡಲು ಸಾಹೇಬರು ನನಗೆ ತಿಳಿಸದೆ ನಾಟಕದ ಶೀರ್ಷಿಕೆಯನ್ನೂ ಆ ಮಾತನ್ನೂ ಕತ್ತರಿಸಿದರು. ಟ್ರ್ಯಾಕ್ಟರ್ ಗುಡುಗುಡು ಎಂದು ಹೋಯಿತು, ಗಂಟೆ ಟಣ್ ಎಂದಿತು, ಟ್ರ್ಯಾಕ್ಟರಿನ ಸದ್ದಿನ ಬಾಲ ನನ್ನ ಮೊದಲ ಅಕ್ಷರವನ್ನು ನುಂಗಿತು. ಸೀಮೆಗೆಲ್ಲ ಕೇಳಿಸಿದ್ದು ಇಷ್ಟು: "...ಸ್ಮನ್ ಕ್ಯಾಂಪಿನ ಕೊನೆಯ ತೂಬಿಗೆ ನಾಳೆ ಬೆಳಿಗ್ಗೆ ನೀರು ಬಿಡಲಾಗುವುದು."

ಉಸ್ಮಾನ್ ಕ್ಯಾಂಪಿನವರು ವಾರಗಟ್ಟಲೆ ಕಾದಿದ್ದರು. ಕಾಲುವೆಯ ಮೇಲ್ಭಾಗದ ರೈತರು ಮೋಟರ್ ಹಚ್ಚಿ ನೀರೆತ್ತುತ್ತಿದ್ದರಿಂದ ಕೆಳಗೆ ಬರುತ್ತಿದ್ದದ್ದು ಬರೀ ಪಾಚಿ. ಮಡಿಯಲ್ಲಿ ಸಸಿ ಬಲಿತು ಹಳದಿಗೆ ತಿರುಗುತ್ತಿತ್ತು. ಅಲ್ಲಿಯ ಸತ್ಯಂ ಎಂಬ ರೈತರು ಈ ಪ್ರಕಟಣೆ ಕೇಳಿದ್ದೇ ಮನೆಮನೆಗೆ ಹೇಳಿದರು. ದುರುಗಮ್ಮನಿಗೆ ಫೋನು ಹೋಯಿತು. ಆ ಕಂತಿನಲ್ಲಿ ಬಾರೆಮ್ಮ ಇರಲಿಲ್ಲವಾದ್ದರಿಂದ ಆಕೆ ಕೇಳಿರಲಿಲ್ಲ. "ಓದಿದ್ದು ನಮ್ಮ ಅಕ್ಕಾರ?" ಎಂದು ಒಂದೇ ಮಾತು ಕೇಳಿದಳಂತೆ. ಹೌದು ಅಂದರು. ಬೆಳಿಗ್ಗೆ ಗುಂಪು ಕಟ್ಟಿಕೊಂಡು ಹೋಗಿ ಸಸಿ ಕಿತ್ತು ಕಟ್ಟು ಕಟ್ಟಿದರು.

ನೀರು ಬರಲಿಲ್ಲ. ಕಾಲುವೆ ಕಾಯುವ ಗ್ಯಾಂಗ್‌ಮನ್‌ನನ್ನು ಹಿಡಿದು ಕೇಳಿದರೆ ಅವನು ತನಗೆ ಯಾವ ಆರ್ಡರೂ ಇಲ್ಲ ಅಂದ.

ಮಧ್ಯಾಹ್ನ ಗೊಬ್ಬರದಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಜಾಹೀರಾತು ಮತ್ತೆ ಬಂತೇ ಎಂದು ಸಾಹೇಬರು ಕಿಟಕಿಯಿಂದ ಇಣುಕಿದರು. ಟ್ರೇಲರಿನ ತುಂಬ ಹಸಿ ಸಸಿಯ ಕಟ್ಟುಗಳು, ಮೇಲೆ ಒದ್ದೆ ಗೋಣಿಚೀಲ, ಸುತ್ತ ಜನ. ಸಾಹೇಬರಿಗೆ ಕೂಡಲೇ ರಾಯಚೂರಿನಲ್ಲಿ ಒಂದು ಮೀಟಿಂಗು ನೆನಪಾಯಿತು. ಹಿಂದಿನ ಮೆಟ್ಟಿಲಿನಿಂದ ಇಳಿದರು. ಸಮುದ್ರಯಾನಿಗಳಿಗೆ ಅಪಾಯದ ವಾಸನೆ ಬೇಗ ಸಿಗುತ್ತದೆ.

ಸತ್ಯಂ ಮೇಲೆ ಬಂದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. "ಅಮ್ಮಾ, ನೀವೇ ಚೆಪ್ಪಿದ್ರಿ ಅಲ್ವಾ ನೀರು ಬರ್ತದಂತ? ನಿಮ್ಮ ವಾಯ್ಸೇ ಅಲ್ವಾ ಅದು?"

"ಉಸ್ಮಾನ್ ಕ್ಯಾಂಪ್ ಅಲ್ರಿ ಸತ್ಯಂ ಅವರೇ. ಟ್ಯಾಸ್ಮನ್ ಕ್ಯಾಂಪ್. ನಾಟಕ ಅದು."

"ಟ್ಯಾಸ್ಮನ್ ಕ್ಯಾಂಪ್ ಎಲ್ಲಿ ಬರ್ತದಮ್ಮಾ?"

ನಾನು ಬೆರಳು ಮೇಲೆ ಮಾಡಿ ತೋರಿಸಿದೆ. ಅವರು ಮೇಲೆ ನೋಡಿದರು. ತಿರುಗುತ್ತಿದ್ದ ಫ್ಯಾನು ಕಾಣಿಸಿತು.

ಹಿಂದಿನಿಂದ ದುರುಗಮ್ಮ ಬಂದಳು. ಮೊಣಕೈವರೆಗೆ ಕೆಸರು ಒಣಗಿತ್ತು. ಯಾರು ಕತ್ತರಿಸಿದರು, ಏನಾಯಿತು, ಎಲ್ಲ ಹೇಳಿದೆ. ಆಕೆ ಸಾಹೇಬರ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದಳು.

"ಆತನ ಲೆಕ್ಕ ಆಮ್ಯಾಲ. ಸಸಿ ಬಾಳ ಹೊತ್ತು ತಡಿಯೂದಿಲ್ಲ. ಮೈಕ್ ಚಾಲೂ ಮಾಡ್ರಿ ಅಕ್ಕಾರ."

ನೇರ ಪ್ರಸಾರಕ್ಕೆ ಮುಖ್ಯಸ್ಥರ ಲಿಖಿತ ಅನುಮತಿ ಬೇಕು. ಮುಖ್ಯಸ್ಥರು ಬಸ್‌ಸ್ಟ್ಯಾಂಡಿನಲ್ಲಿದ್ದರು. ನಾನು ಮೈಕಿನ ಗುಂಡಿ ಒತ್ತಿದೆ. ಆಗ ಹೋಗುತ್ತಿದ್ದದ್ದು ಎರೆಹುಳು ಗೊಬ್ಬರದ ಬಗ್ಗೆ ಭಾಷಣ. ಅದು ನಿಂತದ್ದಕ್ಕೆ ಇವತ್ತಿನವರೆಗೂ ಯಾರೂ ದೂರಿಲ್ಲ. ನನಗೆ ಅನ್ನಿಸಿದ್ದು ದುರುಗಮ್ಮ ಕಾಲುವೆ ಕಚೇರಿಯವರನ್ನು ಬೈಯುತ್ತಾಳೆ ಅಂತ. ಆಕೆ ಕಚೇರಿಯ ಸುದ್ದಿಗೇ ಹೋಗಲಿಲ್ಲ.

"ನಾನು ಬಾರೆಮ್ಮ ಮಾತಾಡಾಕತ್ತೀನಿ" ಎಂದು ಶುರು ಮಾಡಿದಳು. "ನಾಟಕಾ ಅಲ್ಲ ಇದು, ಕಿವಿ ಕೊಡ್ರಿ. ಉಸ್ಮಾನ್ ಕ್ಯಾಂಪಿನ್ಯಾಗ ಸಸಿ ಕಿತ್ತೀವಿ. ನೀರಿಲ್ಲ. ಕಾಲುವಿ ಮ್ಯಾಲ ಮೋಟರ್ ಹಚ್ಚಿದವ್ರು ಯಾರ‍್ಯಾರು ಅಂತ ನನಗ ಗೊತ್ತೈತಿ, ಯಾಕಂದ್ರ ನಿಮ್ಮ ಹೊಲಾನೂ ನಾವ ಹಚ್ಚೀವಿ. ಹೆಸರು ಹೇಳೂದಿಲ್ಲ. ಇವತ್ತೊಂದಿನ ಮೋಟರ್ ಬಂದ್ ಮಾಡ್ರಿ. ಮಾಡಲಿಲ್ಲಂದ್ರ ನಾವೇನು ಜಗಳಕ್ಕ ಬರೂದಿಲ್ಲಪಾ. ನಾಳಿ ನಿಮ್ಮ ಹೊಲದಾಗ ಕಳೆ ಎದ್ದಾಗ ನೀವು ಫೋನ್ ಹಚ್ತೀರಿ. ನಾವು ಎತ್ತೂದಿಲ್ಲ. ಅಷ್ಟ."

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಮೈಕು ನನ್ನ ಕಡೆ ದೂಡಿ, "ಇನ್ನ ನಿಮ್ಮ ಹುಳ ಹಚ್ಚಿ ಬಿಡ್ರಿ" ಅಂದಳು.

ಅದಾದ ಮೇಲೆ ನಾನೂ ಟ್ರೇಲರ್ ಹತ್ತಿದೆ. ಹೋಗದೆ ಕೂಡಲಾಗಲಿಲ್ಲ. ದಾರಿಯುದ್ದಕ್ಕೂ ಕಾಲುವೆಯನ್ನೇ ನೋಡುತ್ತಿದ್ದೆವು. ಒಂದು ಕಡೆ ಮೋಟರ್ ನಿಂತಿತ್ತು. ಮುಂದೆ ಇನ್ನೊಂದು ನಿಂತಿತ್ತು. ಅದರಾಚೆ ಒಬ್ಬ ಮನುಷ್ಯ ಪೈಪು ಎಳೆದುಕೊಳ್ಳುತ್ತ ನಮ್ಮ ಟ್ರ್ಯಾಕ್ಟರ್ ಕಂಡು, ಏನೋ ಕಳೆದುಕೊಂಡವನಂತೆ ನೆಲ ನೋಡತೊಡಗಿದ. ದುರುಗಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರೂ ನಿಲ್ಲಿಸಿರಲಿಲ್ಲ. ದೊಡ್ಡ ಜಮೀನಿನ ಒಂದಿಬ್ಬರ ಮೋಟರುಗಳು ಗುಂಯ್ ಅನ್ನುತ್ತಲೇ ಇದ್ದವು.

ಹೊತ್ತು ಇಳಿಯುವಾಗ ಉಸ್ಮಾನ್ ಕ್ಯಾಂಪಿನ ಕಾಲುವೆಗೆ ನೀರು ಬಂತು. ಮೊದಲು ಕಸ, ಪ್ಲಾಸ್ಟಿಕ್ ಬಾಟಲಿ, ಹಿಂದೆ ಮಣ್ಣುಬಣ್ಣದ ನೀರು. ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. ತೂಬಿಗೆ ಹತ್ತಿರವಿದ್ದ ಹೊಲಗಳು ಒದ್ದೆಯಾದವು, ನಡುವಿನವು ಅರೆಬರೆ. ಕಟ್ಟಕಡೆಯ ಹೊಲ ಸತ್ಯಂ ಅವರದೇ. ಅಲ್ಲಿಗೆ ನೀರು ಮುಟ್ಟಲಿಲ್ಲ. ಅವರ ಸಸಿಯ ಕಟ್ಟುಗಳು ಬದುವಿನ ಮೇಲೆ ಬಾಡಿದವು. ನಾನು ಅವರ ಹತ್ತಿರ ಹೋಗಿ ನಿಂತೆ. ಅವರೇ ಅಂದರು, "ಎಲ್ಲಾರ‍್ದೂ ಹೋಗ್ತಿತ್ತಮ್ಮಾ. ನಂದೊಂದೇ ಹೋತು." ಆ ಸಲ ಅವರು ತಡವಾಗಿ, ನೆರೆಯವರ ಮಡಿಯಲ್ಲಿ ಉಳಿದ ಸಸಿ ಕೇಳಿ ತಂದು ಅರ್ಧ ಹೊಲಕ್ಕಷ್ಟೇ ಹಚ್ಚಿದರು. ಅದನ್ನು ನೆನೆದರೆ ನನಗೆ ಈಗಲೂ ಹಾಸ್ಯ ಬರುವುದಿಲ್ಲ.

ಕಚೇರಿಗೆ ಮರಳಿದರೆ ಹಾಸ್ಯಕ್ಕೆ ಬರವಿರಲಿಲ್ಲ. ದಿವಾಕರ ಸಾಹೇಬರು ಮೀಟಿಂಗಿನಿಂದ ಬಂದು ಎಲ್ಲ ವಿಚಾರಿಸಿದರು. ನನಗೆ ಒಂದು ಮೆಮೊ: ಅನುಮತಿಯಿಲ್ಲದೆ ನೇರ ಪ್ರಸಾರ. ದುರುಗಮ್ಮನಿಗೆ ನಾಟಕದಿಂದ ವಿದಾಯ: ಪಾತ್ರದ ದುರ್ಬಳಕೆ. ಮೇಲಧಿಕಾರಿಗಳಿಗೆ ಸಾಹೇಬರು ಕಳಿಸಿದ ವರದಿಯಲ್ಲಿ ಮಾತ್ರ, ಬಾನುಲಿಯ ಸಕಾಲಿಕ ಮಧ್ಯಪ್ರವೇಶದಿಂದ ಕೊನೆಭಾಗದ ರೈತರಿಗೆ ನೀರು ತಲುಪಿತು ಎಂದಿತ್ತು. ಅವರಿಗೆ ಶಾಲು ಹೊದಿಸಿದರು. ಆ ಸಮಾರಂಭದ ನಿರೂಪಣೆ ನನ್ನದೇ. ಮೆಗೆಲನ್ ಬಗ್ಗೆ ಓದಿಕೊಂಡಿದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ದನಿ ಸ್ಪಷ್ಟವಾಗಿ ಬಂತು ಎಂದು ಎಲ್ಲರೂ ಹೊಗಳಿದರು.

ಬಾರೆಮ್ಮ ಇಲ್ಲದ ನಾಟಕವನ್ನು ಜನ ಕೇಳಲಿಲ್ಲ. ಸಾಹೇಬರು ಒಳ್ಳೆಯ ಉಚ್ಚಾರಣೆಯ ಒಬ್ಬ ಕಾಲೇಜು ಹುಡುಗಿಯನ್ನು ತಂದರು. ಆಕೆ ಬೂಗನ್‌ವಿಲ್ ಎಂದು ತಪ್ಪಿಲ್ಲದೆ ಹೇಳುತ್ತಿದ್ದಳು. ಕೆಲವು ವಾರಗಳಲ್ಲಿ ಆಕಾಶದ ಕ್ಯಾಂಪುಗಳೆಲ್ಲ ಒಂದೊಂದಾಗಿ ಪಾಳು ಬಿದ್ದವು. ಸ್ವಲ್ಪ ದಿನಕ್ಕೆ ನಾನೂ ನಿವೃತ್ತಳಾದೆ.

ಮೋಟರ್ ನಿಲ್ಲಿಸದವರ ಹೊಲದಲ್ಲಿ ಆ ವರ್ಷ ಕಳೆ ಎದ್ದಿತು. ಅವರು ಫೋನು ಹಚ್ಚಿದರು, ದುರುಗಮ್ಮ ಎತ್ತಲಿಲ್ಲ. ಅವರು ಬೇರೆ ಗುಂಪು ಹುಡುಕಿದರು, ಆ ಗುಂಪಿನವರೂ ಬರಲಿಲ್ಲ. ಕೊನೆಗೆ ಮಗನನ್ನು ಬಳಗಾನೂರಿಗೆ ಕಳಿಸಿ, ಹಿಂದಿಗಿಂತ ಹೆಚ್ಚು ಕೊಟ್ಟು ಕರೆಸಿಕೊಂಡರಂತೆ. ಇದನ್ನು ನನಗೆ ದುರುಗಮ್ಮ ಹೇಳಲಿಲ್ಲ, ಗೊಬ್ಬರದಂಗಡಿಯವರು ಹೇಳಿದರು.

ಮೊನ್ನೆ ವಳಕಮದಿನ್ನಿ ಕಡೆಯ ಶಾಲೆಯ ಮಾಸ್ತರೊಬ್ಬರು ಫೋನ್ ಮಾಡಿದ್ದರು. ಉಸ್ಮಾನ್ ಕ್ಯಾಂಪಿನ ಕೊನೆಯ ತೂಬನ್ನು ಈಗ ಎಲ್ಲರೂ ಬಾರೆಮ್ಮನ ತೂಬು ಅನ್ನುತ್ತಾರಂತೆ. ನೀರು ಬಿಡುವ ದಿನ ಯಾರೋ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದ್ದಾರೆ, ಒಂದು ಕಾಯಿಯೂ ಒಡೆದಿದೆ. "ಮೇಡಂ, ಇದು ಯಾವ ದೇವತೀರಿ? ಊರ ಇತಿಹಾಸದಾಗ ಬರೀಬೇಕಾಗೇತಿ" ಅಂದರು. ಗಂಡಸರ ಬಟ್ಟೆ ತೊಟ್ಟು ಹಡಗು ಹತ್ತಿ ಗಿಡ ಹೊತ್ತ ಪರದೇಶದ ಹೆಂಗಸು ಎಂದು ನಿಜವನ್ನೇ ಹೇಳಿದೆ. ಅವರು, "ಅಂದ್ರ ಯಲ್ಲಮ್ಮನ ಅವತಾರ ಅಂತ ಬರಕೊಂತೀನಿ" ಎಂದು ಫೋನ್ ಇಟ್ಟರು.

ನಗು ತಡೆಯಲಾಗದೆ ದುರುಗಮ್ಮನಿಗೆ ಫೋನ್ ಹಚ್ಚಿದೆ. ಗದ್ದೆಯಲ್ಲಿದ್ದಳು, ಹಿಂದೆ ಹೆಂಗಸರ ಮಾತು, ನೀರ ಸದ್ದು. ಬಾರೆಮ್ಮನನ್ನು ದೇವರು ಮಾಡಿದ್ದಾರೆ, ಕಾಯಿ ಒಡೆಯುತ್ತಿದ್ದಾರೆ, ಗೊತ್ತೇ ಎಂದು ಕೇಳಿದೆ. ಗೊತ್ತು ಅಂದಳು. ಖುಷಿಯಾಗಲಿಲ್ಲವೇ ಎಂದೆ.

"ಖುಷಿ ಎದರದು ಅಕ್ಕಾರ?" ಅಂದಳು. "ದೇವ್ರು ಮಾಡಿಬಿಟ್ರ ಕೂಲಿ ಕೊಡೂದು ತಪ್ಪತೈತಿ ಅಂತ ಮಾಡ್ಯಾರ."